ಎಲ್ಲರ ಎದುರಿನ ಕ್ಷಮೆ

ಬಾಳೂರು,
ಜನವರಿ ೧೬, ೨೦೨೫

ಪ್ರೀತಿಯ ಅಕ್ಕಾ,

ಚಳಿಗೆ ನಿನ್ನ ಉಬ್ಬಸ ಜಾಸ್ತಿಯಾಗಿಲ್ಲ ತಾನೇ? ಕಾನ್ವೆಂಟಿನ ಆಸ್ಪತ್ರೆಯಲ್ಲಿ ಹಗಲಿಡೀ ರೋಗಿಗಳಿಗೆ ಮಾತ್ರೆ ಕೊಡುವವಳು ನಿನ್ನದನ್ನೇ ಮರೆಯುತ್ತೀಯೆಂದು ಅಮ್ಮನ ದೂರು. ಅಮ್ಮ ಚೆನ್ನಾಗಿದ್ದಾಳೆ. ಫೋನಿನಲ್ಲಿ ಹೇಳಲು ನಾಚಿಕೆಯಾಗುವ ವಿಷಯವೊಂದಿದೆ, ಅದಕ್ಕೇ ಈ ಕಾಗದ.

ನವೆಂಬರಿನಲ್ಲಿ ನನ್ನನ್ನು ಎಸ್ಟೇಟಿನ ರೈಟರ್ ಮಾಡಿ ಆಳುಗಳ ಉಸ್ತುವಾರಿ ಕೊಟ್ಟರಲ್ಲ, ಆಗಿನಿಂದ ಇಪ್ಪತ್ತೆರಡು ಹೆಂಗಸರು ನನ್ನ ಮಾತಿನಂತೆ ಕಾಫಿ ಹಣ್ಣು ಕೊಯ್ಯುತ್ತಾರೆ. ಅದು ನನಗೆ ಸ್ವಲ್ಪ ತಲೆಗೇರಿತ್ತು. ಹೋದ ವಾರದ ಮಂಗಳವಾರ ಪಾಪಮ್ಮನ ಚೀಲದಲ್ಲಿ ಅರ್ಧಕ್ಕರ್ಧ ಹಸಿರು ಕಾಯಿ. ಅರವತ್ತು ದಾಟಿದ ಹೆಂಗಸು. ನಾವು ಚಿಕ್ಕವರಿದ್ದಾಗಿನಿಂದ ಇದೇ ತೋಟದಲ್ಲಿ ದುಡಿಯುತ್ತಿರುವಾಕೆ. ನಾನು ಎಲ್ಲರೆದುರು ಚೀಲವನ್ನು ನೆಲಕ್ಕೆ ಸುರಿದು, “ಕಣ್ಣು ಕಾಣಲ್ವಾ ನಿಂಗೆ?” ಅಂದೆ. ಆಕೆ ಕೂತು ಒಂದೊಂದೇ ಕಾಯಿ ಆರಿಸಿದಳು. ಮರುದಿನ ಕೆಲಸಕ್ಕೆ ಬರಲಿಲ್ಲ.

ಶುಕ್ರವಾರ, ಅವಳ ಪಕ್ಕದ ಸಾಲಿನಲ್ಲಿ ಕೊಯ್ಯುವ ದೇವೀರಮ್ಮ ನನ್ನ ಹತ್ತಿರ ಬಂದು, “ಅವ್ಳಿಗೆ ನಿಜವಾಗ್ಲೂ ಕಣ್ಣು ಕಾಣಲ್ಲ ಸಾರ್. ಪೊರೆ ಬಂದದೆ. ಹೇಳಿದ್ರೆ ಕೆಲಸ ಬಿಡಿಸ್ತೀರ ಅಂತ ಹೇಳಿರಲಿಲ್ಲ” ಎಂದಳು.

ಭಾನುವಾರ ಪಾಪನಿವೇದನೆಗೆ ಹೋದೆ. ಒಂದಿಷ್ಟು ಜಪ ಹೇಳಿ ಕಳಿಸುತ್ತಾರೆಂದುಕೊಂಡಿದ್ದೆ. ಫಾದರ್, “ಜಪ ಆಮೇಲೆ. ಎಲ್ಲರ ಎದುರು ಬೈದಿದ್ದೀಯಲ್ಲ, ಎಲ್ಲರ ಎದುರೇ ಕ್ಷಮೆ ಕೇಳು” ಎಂದರು. ಕೇಳಿದರೆ ನಾಳೆಯಿಂದ ನನ್ನ ಮಾತಿಗೆ ಯಾರು ಬೆಲೆ ಕೊಡುತ್ತಾರೆ ಎಂದೆ. ಅವರು ಆಶೀರ್ವಾದ ಮಾಡಿ ಕಳಿಸಿದರು. ಯೇಸು ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಪ್ರತಿ ವರ್ಷ ಪವಿತ್ರ ಗುರುವಾರ ಫಾದರ್ ಮಂಡಿಯೂರಿ ಜನರ ಕಾಲು ತೊಳೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದು ಫಾದರ್‌ಗಳ ಕೆಲಸ ಎಂದೇ ತಿಳಿದಿದ್ದೆ, ನೋಡು.

ಸೋಮವಾರ ಬೆಳಿಗ್ಗೆ ಪಾಪಮ್ಮನವರ ಮನೆಗೆ ಹೋಗಿ ಅವರನ್ನು ಕರೆತಂದೆ. ಹಾಜರಿ ಹಾಕುವಾಗ ಎಲ್ಲರ ಮುಂದೆ ತಪ್ಪಾಯಿತು ಎಂದೆ. ಯಾರೂ ನಗಲಿಲ್ಲ. “ಬಿಡಿ ಸಾರ್, ಬಿಸಿಲೇರ್ತದೆ, ಸಾಲು ಹಿಡಿಯಾಣ” ಅಂದರು ಪಾಪಮ್ಮನವರು. ಅಂದಿನಿಂದ ಬಿಡುವಾದಾಗೆಲ್ಲ ಅವರ ಸಾಲಿನಲ್ಲೇ ಕೊಯ್ಯುತ್ತೇನೆ. ಅವಸರ ಮಾಡದಿದ್ದರೆ ಹಣ್ಣು ಯಾವುದು, ಕಾಯಿ ಯಾವುದು ಎಂದು ಬೆರಳೇ ಹೇಳುತ್ತದಂತೆ. ನನ್ನ ಕೈ ಹಿಡಿದು ಮುಟ್ಟಿಸಿ ಕಲಿಸಿದರು. ನಾನು ಬಂದರೆ ಮಾತು ನಿಲ್ಲಿಸುತ್ತಿದ್ದ ಹೆಂಗಸರು ಈಗ ನನ್ನ ಕೊಯ್ಲು ನೋಡಿ ನಗುತ್ತಾರೆ. ಹೇಳಿದ ಕೆಲಸವನ್ನೂ ಮಾಡುತ್ತಾರೆ.

ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ. ಸಂಜೆಯ ಪ್ರಾರ್ಥನೆಯಲ್ಲಿ ನಮ್ಮನ್ನು ನೆನೆ.

ನಿನ್ನ ತಮ್ಮ,
ವಿಲ್ಫ್ರೆಡ್

ತಾ.ಕ.: ಟಪಾಲು ಒಯ್ಯುವ ಎಸ್ಟೇಟಿನ ಜೀಪು ಕಾಯುತ್ತಿದೆ, ಬೇಗ ಬರೆಯುತ್ತೇನೆ. ಬರುವ ಮಂಗಳವಾರ ಚಿಕ್ಕಮಗಳೂರಿನಲ್ಲಿ ಪಾಪಮ್ಮನವರಿಗೆ ಕಣ್ಣಿನ ಆಪರೇಷನ್. ಅವರಿಗೆ ಯಾರೂ ಇಲ್ಲ, ಜೊತೆಗೆ ನಾನೇ ಹೋಗುತ್ತಿದ್ದೇನೆ. ಕೊಯ್ಲಿನ ನಡುವೆ ರಜೆ ಹಾಕಿದರೆ ಮತ್ತೆ ಬರಬೇಡ ಎಂದಿದ್ದಾರೆ ಮಾಲೀಕರು. ಆದರೂ ಹೋಗುತ್ತೇನೆ ಎಂದು ಹೇಳಿ ಬಂದಿದ್ದೇನೆ. ಅಮ್ಮನಿಗೆ ಇನ್ನೂ ತಿಳಿಸಿಲ್ಲ. ಆಪರೇಷನ್ ಆದ ಮೇಲೆ ಕಣ್ಣಿಗೆ ಔಷಧಿ ಹನಿ ಹೇಗೆ ಹಾಕಬೇಕು? ಫೋನ್ ಮಾಡಿ ಹೇಳಿಕೊಡು.