ನೂರರಿಂದ ಏಳು ಕಳೆದರೆ

ಜೂನ್ 3, ಮಂಗಳವಾರ

ಪ್ರೆಸ್ಸಿಂದ ತಂದ ಹದಿನಾಲ್ಕು ಪುಟದ ಪ್ರೂಫ್ ತಿಂಡಿಗೆ ಮುಂಚೆಯೇ ಮುಗಿಯಿತು. ಇಪ್ಪತ್ತೆರಡು ತಪ್ಪು. ದೀರ್ಘ ಬಿಟ್ಟವೇ ಹೆಚ್ಚು.

ಹೊರಡುವಾಗ ಬೀರುವಿನ ಕೀ ಇಲ್ಲ. ವಾರದಲ್ಲಿ ಮೂರನೇ ಸಲ. ಮನೆಯೆಲ್ಲ ಜಾಲಾಡಿದೆ. ಸಿಕ್ಕಿದ್ದು ಸಕ್ಕರೆ ಡಬ್ಬಿಯಲ್ಲಿ. "ನೀನೇ ಇಟ್ಟಿರ್ತೀಯ," ಎಂದರು ಇವರು, ಶೂ ಲೇಸ್ ಕಟ್ಟುತ್ತ. ತಣ್ಣಗೆ. ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುವ ದನಿಯಲ್ಲಿ.

ನಾನು ಇಟ್ಟಿಲ್ಲ.

ಜೂನ್ 9, ಸೋಮವಾರ

ಅಕ್ಕ ಫೋನ್ ಮಾಡಿದ್ದಳು. ಏನೇ, ಮರೆವು ಜಾಸ್ತಿಯಾಗಿದೆಯಂತಲ್ಲ ನಿಂಗೆ, ಅಂದಳು. ಯಾರು ಹೇಳಿದ್ದು? ಇವರೇ. ಭಾವನಿಗೂ ಹೇಳಿದ್ದಾರೆ. ಎದುರುಮನೆ ಟೈಲರಿಗೂ ಹೇಳಿದ್ದಾರೆ — ಆಯಮ್ಮ ನಿನ್ನೆ ನನ್ನನ್ನು ನೋಡಿದ ರೀತಿ ಈಗ ಅರ್ಥವಾಯಿತು. ಬ್ಲೌಸಿನ ಅಳತೆಯನ್ನು ಎರಡೆರಡು ಸಲ ಹೇಳಿದಳು, ಕಿವುಡಿಗೆ ಹೇಳಿದ ಹಾಗೆ.

ಇಸ್ತ್ರಿಪೆಟ್ಟಿಗೆ ಇವತ್ತು ಪುಸ್ತಕದ ಕಪಾಟಿನಲ್ಲಿತ್ತು. ತೆಗೆದು ಜಾಗದಲ್ಲಿಟ್ಟೆ.

ಜೂನ್ 10

ನಿಜವಾಗಿಯೂ ನಾನೇನಾ? ಪ್ರೂಫ್‌ನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಕಣ್ಣಿಗೆ ಚುಚ್ಚುತ್ತದೆ. ಹಾಗಿದ್ದವಳಿಗೆ ಮನೆಯಲ್ಲಿ ಮಾತ್ರ ಮಂಕು ಕವಿಯುತ್ತದೆಯೇ... ಇವತ್ತು ಆಫೀಸಿನಲ್ಲಿ ಒಂದೇ ಪುಟವನ್ನು ನಾಲ್ಕು ಸಲ ಓದಿದೆ. ಪ್ರೆಸ್ಸಿನ ಯಜಮಾನರು, ಏನಮ್ಮ ಹುಷಾರಿಲ್ವಾ, ಎಂದು ಕೇಳಿದರು.

ಜೂನ್ 21, ಶನಿವಾರ, ಬೆಳಗ್ಗೆ 9

ಸ್ನಾನ ಮುಗಿಸಿ ಬಾಗಿಲು ತೆಗೆದೆ — ಮನೆ ತುಂಬ ಗ್ಯಾಸ್. ಒಲೆಯ ತಿರುಪು ಪೂರ್ತಿ ತಿರುಗಿದೆ, ಬೆಂಕಿ ಇಲ್ಲ. ಕಿಟಕಿ ಮುಚ್ಚಿದೆ. ಇವರು ಹೊರಗೆ ಜಗುಲಿಯಲ್ಲಿ ಪೇಪರ್ ಹಿಡಿದು ಕೂತಿದ್ದಾರೆ.

ಕೂಗಿದೆ. ಓಡಿ ಬಂದರು, ಕಿಟಕಿ ತೆಗೆದರು. ಮುಖ ಬಿಳಿಚಿತ್ತು. ಆಮೇಲೆ ಅದೇ ಮಾತು: "ನೀನೇ ಆರಿಸದೆ ಹೋಗಿದ್ದೀಯ." ನಾನು ಇವತ್ತು ಒಲೆಯನ್ನೇ ಮುಟ್ಟಿರಲಿಲ್ಲ.

ಜೂನ್ 22, ಭಾನುವಾರ

ಬಟ್ಟೆ ನೆನೆಸುವ ಮುಂಚೆ ಇವರ ಅಂಗಿಯ ಜೇಬು ನೋಡಿದೆ. ಒಂದು ಚೀಟಿ. ಇವರದೇ ಅಕ್ಷರ —

"ಅವಳು ಸ್ನಾನಕ್ಕೆ ಹೋದಾಗ ಗ್ಯಾಸ್. ಹೇಳಬಾರದು."

ಇಪ್ಪತ್ತಾರು ವರ್ಷ ಒಂದೇ ತಟ್ಟೆಯಲ್ಲಿ ಉಂಡು ಬದುಕಿದವರು. ಚೀಟಿಯನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡೆ. ಎರಡು ಸೀರೆ, ಕನ್ನಡಕ, ಪ್ರೂಫಿನ ಕಟ್ಟು. ಅಕ್ಕನ ಮನೆಗೆ ಹೋಗಿ ಬರ್ತೀನಿ ಎಂದೆ. ಸರಿ ಎಂದರು. ಯಾಕೆ ಅಂತಲೂ ಕೇಳಲಿಲ್ಲ.

ಜುಲೈ 4, ಶುಕ್ರವಾರ, ಮಧ್ಯಾಹ್ನ

ಇಷ್ಟು ದಿನ ಬರೆಯಲಿಲ್ಲ. ಅಕ್ಕನಿಗೂ ಚೀಟಿ ತೋರಿಸಲಿಲ್ಲ. ತೋರಿಸಿದರೆ ಅದು ನಿಜವಾಗಿಬಿಡುತ್ತದೆ ಅಂತ ಭಯ.

ಬೆಳಗ್ಗೆ ಇವರು ಬಂದರು. ಎರಡು ದಿನದ ಗಡ್ಡ. ನನ್ನ ಮರೆವಿಗೆ ಒಬ್ಬ ಒಳ್ಳೇ ಡಾಕ್ಟರ ಹತ್ತಿರ ಟೋಕನ್ ತೆಗೆಸಿದ್ದಾರಂತೆ. ಮೈ ಉರಿಯಿತು. ಅಕ್ಕ ಒಳಗೆ ಕರೆದು, ಹೋಗಿ ಬಾರೇ, ನಿಂಗೇನೂ ಆಗಿಲ್ಲ ಅಂತ ಡಾಕ್ಟರ ಬಾಯಿಂದಲೇ ಹೇಳಿಸು, ನಾನೂ ಬರ್ತೀನಿ, ಅಂದಳು. ಹೋದೆವು.

ಡಾಕ್ಟರು ನನ್ನ ವಯಸ್ಸಿನ ಹೆಂಗಸು. ತಾರೀಖು ಕೇಳಿದರು. ಐದು ಪದ ನೆನಪಿಟ್ಟುಕೊಳ್ಳಿ ಎಂದರು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರು. ಎಲ್ಲವನ್ನೂ ಪಟಪಟ ಹೇಳಿದೆ. ಅವರು ಮಾತ್ರ ನನ್ನನ್ನು ನೋಡುತ್ತಿರಲಿಲ್ಲ. ಇವರ ಕೈಯನ್ನು ನೋಡುತ್ತಿದ್ದರು. ಮೇಜಿನ ಅಂಚಿನಲ್ಲಿ ಇವರು ಎಣಿಸುತ್ತ ಬೆರಳು ಮಡಚುತ್ತಿದ್ದರು.

"ಮೇಷ್ಟ್ರೇ, ನೀವೂ ಹೇಳಿ ನೋಡೋಣ."

ಇವರು ನಕ್ಕರು. ನಾನು ಹೈಸ್ಕೂಲಿಗೆ ಗಣಿತ ಹೇಳೋನು ಡಾಕ್ಟ್ರೇ, ಎಂದರು. ತೊಂಬತ್ತಮೂರು, ಎಂದರು. ಆಮೇಲೆ ಬೆರಳು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಕಾಲರಿನ ಸುತ್ತ ಬೆವರು. ಕಡೆಗೆ ನನ್ನ ಕಡೆ ತಿರುಗಿದರು. ಆ ಕಣ್ಣು... ಪರೀಕ್ಷೆಯಲ್ಲಿ ಏನೂ ಬಾರದೆ ಕೂತ ಮಗುವಿನ ಕಣ್ಣು.

ಯಾಕೋ ಗೊತ್ತಿಲ್ಲ. ನನ್ನ ತುಟಿ ತಾನಾಗಿ ಅಲ್ಲಾಡಿತು: ಎಂಬತ್ತಾರು.

"ಎಂಬತ್ತಾರು," ಎಂದರು ಇವರು.

ಡಾಕ್ಟರು ಇಬ್ಬರನ್ನೂ ನೋಡಿ ಪೆನ್ನು ಕೆಳಗಿಟ್ಟರು.

ಅದೇ ದಿನ, ಸಂಜೆ 5

ಅಕ್ಕನನ್ನು ಅವಳ ಮನೆಯಲ್ಲಿ ಇಳಿಸಿ ನಮ್ಮ ಮನೆಗೆ ಬಂದೆವು. ರವಿಕೆಯಿಂದ ಚೀಟಿ ತೆಗೆದು ಮುಂದಿಟ್ಟೆ. ಇದೇನು, ಎಂದೆ.

ಇವರು ಅದನ್ನು ಓದಿದರು. ಎದ್ದು ಹೋಗಿ ಬೀರುವಿನ ಮೇಲಿಂದ ಶೂ ಡಬ್ಬಿ ತಂದು ಸುರಿದರು. ಚೀಟಿಗಳು, ನೂರಾರು. "ಹಾಲಿನವನಿಗೆ ದುಡ್ಡು ಕೊಟ್ಟಾಯಿತು." "ಸ್ಕೂಲಿಗೆ ಎರಡನೇ ತಿರುವು, ಎಡಕ್ಕೆ." "ಎದುರುಮನೆಯವರು ಟೈಲರ್." "ಅವಳು ಸ್ನಾನಕ್ಕೆ ಹೋದಾಗ ಗ್ಯಾಸ್ ಮುಟ್ಟಕೂಡದು" — ಇದು ಮೂರು ಸಲ, ಬೇರೆ ಬೇರೆ ಕಾಗದದಲ್ಲಿ.

"ಅವತ್ತು ನಿಂಗೆ ಟೀ ಮಾಡೋಣ ಅಂತ ಹೋದೆ," ಎಂದರು. "ತಿರುಪು ತಿರುಗಿಸಿದ್ದು ನೆನಪಿದೆ. ಆಮೇಲಿಂದು ಇಲ್ಲ. ನಿನ್ನ ಕೊಂದುಬಿಡ್ತಿದ್ದೆ ಕಣೇ."

ನನ್ನ ಮೇಲೆ ಯಾಕೆ ಹೊರಿಸಿದಿರಿ, ಎಂದೆ.

"ಮರೆವು ನಿಂದು ಅಂತ ಆಗ್ಲಿ ಅಂದ್ಕೊಂಡೆ. ನಂದಾದ್ರೆ ಸ್ಕೂಲಿಲ್ಲ, ಏನೂ ಇಲ್ಲ. ಹೇಳ್ತಾ ಹೇಳ್ತಾ ನಂಗೂ ಅದೇ ನಿಜ ಅನ್ನಿಸ್ತಿತ್ತು."

ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ನನ್ನ ತಲೆ ನೆಟ್ಟಗಿಲ್ಲವೆಂದು ನಾನೇ ನಂಬುವಂತೆ ಮಾಡಿದ ಮನುಷ್ಯ. ಅದನ್ನು ಹೇಳಿಯೇಬಿಟ್ಟೆ, ಒಂದೂ ಬಿಡದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. ಹೇಳಿ ಮುಗಿಸಿದ ಮೇಲೆ ಅವರ ಪಕ್ಕದಲ್ಲೇ ಕೂತೆ. ಬೇರೆಲ್ಲಿ ಕೂರಲಿ.

ಜುಲೈ 13, ಭಾನುವಾರ, ಬೆಳಗ್ಗೆ 7.40

ಮಂಗಳವಾರ ಇವರಿಗೆ ತಲೆಯ ಸ್ಕ್ಯಾನಿಂಗ್. ವಾಸಿಯಾಗುವಂಥದ್ದೂ ಇರಬಹುದು, ಆಗದಂಥದ್ದೂ ಇರಬಹುದು, ಸುಮ್ಮನೆ ಧೈರ್ಯ ಹೇಳೋಲ್ಲ, ಎಂದಿದ್ದಾರೆ ಡಾಕ್ಟರು. ಸ್ಕೂಲಿಗೆ ರಜೆ ಬರೆದುಕೊಟ್ಟಾಗಿದೆ. ಕ್ಷಮಿಸಿದೆನಾ? ಗೊತ್ತಿಲ್ಲ. ದಿನಕ್ಕೊಂದು ಥರ ಇರುತ್ತದೆ.

ಈಗ ತಾನೆ ಇವರು ಬಂದು ಬಾಗಿಲಲ್ಲಿ ನಿಂತರು. ಇಸ್ತ್ರಿ ಮಾಡಿದ ಅಂಗಿ, ಶೂ, ಹೆಗಲಿಗೆ ಬ್ಯಾಗು. ಹಿಂದಾದರೆ ಹೊರಟೇಬಿಡುತ್ತಿದ್ದರು, ವಾಪಸ್ ಬಂದು ಏನೋ ಒಂದು ನೆಪ ಹೇಳುತ್ತಿದ್ದರು.

"ಇವತ್ತು ಸ್ಕೂಲಿದೆಯೇನೇ? ನಂಗೆ ಗೊತ್ತಾಗ್ತಿಲ್ಲ."

ಇವರ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಇದೇ ಮೊದಲು. ಭಾನುವಾರ ರೀ, ಎಂದೆ. ತಲೆಯಾಡಿಸಿದರು. ಬ್ಯಾಗು ಇಳಿಸಿದರು. ಶೂ ಬಿಚ್ಚಲಿಲ್ಲ.

"ಹಂಗಾದ್ರೆ ಒಂದು ಸುತ್ತು ಹೋಗ್ಬರೋಣ ಬಾ. ದಾರಿ ನೀನು ಹೇಳು."

ಮೆಟ್ಟಿಲ ಹತ್ತಿರ ಕಾಯುತ್ತಿದ್ದಾರೆ. ಉಳಿದದ್ದು ಬಂದ ಮೇಲೆ —