ಊಟದ ಮೇಜಿನ ಮೇಲೆ ಇಪ್ಪತ್ತೆರಡು ಕಾಳು

ಪೆರಿನ್ಸ್ ಫೆರಿ, ಅಯೋವಾ
ನವೆಂಬರ್ 19, 1897

ಪ್ರೀತಿಯ ಓರಿನ್,

ಮೊಣಕಾಲಿನ ಊತ ಇಳಿಯಿತೇ? ಕರ್ಪೂರದೆಣ್ಣೆಯ ಸೀಸೆಯನ್ನು ಕಾಲುಚೀಲದೊಳಗೆ ಸುತ್ತಿಟ್ಟಿದ್ದೇನೆ, ಹುಡುಗರಿಗೆ ಹಚ್ಚಿ ಮುಗಿಸಬೇಡಿ. ಆಳು ಕಡಿಮೆಯಾದರೆ ಫುಟ್‌ಬಾಲ್ ಕೋಚ್ ಆದವರು ಕೋಟು ಬಿಚ್ಚಿ ತಾವೇ ಆಟಕ್ಕೆ ಇಳಿಯಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಹುಡುಗರಾದರೋ ಚೆಂಡು ಹಿಡಿದವನ ಮೇಲೆ ಎಲ್ಲರೂ ಬೀಳುವಾಗ ಪೆಟ್ಟು ತಡೆಯಲೆಂದು ತಲೆತುಂಬ ಕೂದಲು ಬೆಳೆಸಿದ್ದಾರೆ. ನಿಮಗೆ ದೇವರು ಆ ದಾರಿಯನ್ನೂ ಇಟ್ಟಿಲ್ಲ.

ನಾನು ಚೆನ್ನಾಗಿದ್ದೇನೆ, ನಿದ್ದೆಯೊಂದು ಬಿಟ್ಟು. ಗುರುವಾರ ಗೆದ್ದರೆ ಕೆಲಸ ಇಲ್ಲೇ ಖಾಯಂ ಎಂದು ಕಾಲೇಜಿನ ಅಧ್ಯಕ್ಷರು ಹೇಳಿದ್ದನ್ನು ತಿಳಿಸಿ, ಹುಡುಗರೊಂದಿಗೆ ಬೇರೆ ಊರಿನ ಆಟಕ್ಕೆ ಹೋದಿರಿ. ಸೋತರೆ ಏನೆಂದು ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ಆರು ವರ್ಷಕ್ಕೆ ಐದು ಕಾಲೇಜು ಆಯಿತು. ಮದುವೆಯ ಪಿಂಗಾಣಿ ಇಟ್ಟ ಪೆಟ್ಟಿಗೆಗೆ ಓಹಿಯೋದಲ್ಲಿ ಬಿಗಿದ ಹಗ್ಗ ಇನ್ನೂ ಹಾಗೇ ಇದೆ. ಆದರೂ ಈ ಸಲ ಧೈರ್ಯ ಮಾಡಿ ಬಾಗಿಲ ಬಳಿ ಟ್ಯುಲಿಪ್ ಗಡ್ಡೆ ನೆಟ್ಟಿದ್ದೇನೆ. ಹೂ ಬಿಡುವುದು ಏಪ್ರಿಲ್‌ಗೆ.

ಗುರುವಾರದ ಆಟವನ್ನು ಊಟದ ಮೇಜಿನ ಮೇಲೆ ಕಾಳಿನಲ್ಲಿ ಜೋಡಿಸಿ, ಬಂದು ನೋಡುತ್ತೇನೆ, ಮುಟ್ಟಬೇಡ ಎಂದಿರಲ್ಲ, ಮುಟ್ಟಿಲ್ಲ. ನಮ್ಮವರು ಹತ್ತು ಬಿಳಿ, ಒಂದು ಚುಕ್ಕೆಯದು. ನದಿಯಾಚೆಯ ಕಾಲೇಜಿನವರು ಹನ್ನೊಂದೂ ಕೆಂಪು. ಮೂರು ದಿನದಿಂದ ಹಿಟ್ಟಿನ ಡಬ್ಬದ ಮೇಲೆ ತಟ್ಟೆಯಿಟ್ಟು ಉಣ್ಣುತ್ತಿದ್ದೇನೆ.

ನಿನ್ನೆ ಒಲೆ ಮಾರುವವರೊಬ್ಬರು ಬಂದಿದ್ದರು. ಬಹಳ ಮರ್ಯಾದಸ್ಥರು. ಎಡಗಿವಿ ಅರ್ಧ ಹರಿದಿತ್ತು. ಪಾಪ, ಯಾವುದೋ ಒಲೆ ಸಿಡಿದಿರಬೇಕು. ಸೇಬಿನ ಪೈ ಎರಡು ಹೋಳು ತಿಂದು ಹೊಗಳಿದರು. ಮೇಜಿನ ಕಡೆ ನೋಡಿ, "ಈ ಚುಕ್ಕೆಯೋನು ಯಾರಮ್ಮ, ನಾಚಿಕೊಂಡ ಮದುವೆಗಂಡಿನ ಥರ ಎಲ್ಲರ ಹಿಂದೆ ನಿಂತಿದ್ದಾನಲ್ಲ?" ಎಂದರು. ನಾನೂ ಏನೋ ಉತ್ತರ ಕೊಟ್ಟೆ.

ಪಕ್ಕದ ಮನೆಯ ಹುಲ್ಡಾ ಅಕ್ಕ ನಿಮ್ಮನ್ನು ಕೇಳಿದರು. ನಿಮ್ಮ ಎಲುಬುಗಳೆಲ್ಲ ಹೋದಷ್ಟೇ ಲೆಕ್ಕದಲ್ಲಿ ಮನೆಗೆ ಬರಲಿ ಎಂದು ದೇವರಲ್ಲಿ ಬೇಡುವ,

ನಿಮ್ಮ
ಲವೀನಾ

ತಾ.ಕ.: ಅಂಚೆಗೆ ಹೊರಡುವಷ್ಟರಲ್ಲಿ ಹುಲ್ಡಾ ಅಕ್ಕ ಪತ್ರಿಕೆ ತಂದರು. ಅದರಲ್ಲಿ ನದಿಯಾಚೆಯ ಕಾಲೇಜಿನ ಕೋಚ್ ಚಿತ್ರ ಇದೆ. ಅದೇ ಕಿವಿ. "ಒಲೆ ಮಾರೋಕೆ ಬಂದೋನು ನಿನ್ನ ಒಲೆ ಕಡೆ ತಿರುಗೂ ನೋಡ್ಲಿಲ್ಲ ಅಂದ್ರೆ ಅನುಮಾನ ಬರ್ಲಿಲ್ವೇನೇ ಲವೀನಾ?" ಎಂದರು ಅಕ್ಕ. ಬೈಯಿರಿ ಓರಿನ್, ಆದರೆ ಮೊದಲು ಪೂರ್ತಿ ಓದಿ. ಚುಕ್ಕೆಯವನು ಚೆಂಡು ಅವುಚಿಕೊಂಡು ಎಡಗಡೆಯಿಂದ ನುಗ್ಗುತ್ತಾನೆಂದು ನಾನೇ ಆತನಿಗೆ ಬೆರಳಿಟ್ಟು ತೋರಿಸಿಬಿಟ್ಟೆ. ಗುರುವಾರ ಅವರ ಹುಡುಗರೆಲ್ಲ ಅಲ್ಲೇ ಕಾದಿರುತ್ತಾರೆ. ನೀವು ಎಡಕ್ಕೆ ಹೊರಟ ಹಾಗೆ ಮಾಡಿ ಅವನನ್ನು ಬಲಗಡೆಯಿಂದ ಬಿಡಿ. ಮುಟ್ಟಬೇಡ ಎಂದಿದ್ದಿರಿ, ಈಗ ಮುಟ್ಟಿದೆ. ಕೆಂಪು ಕಾಳನ್ನೆಲ್ಲ ಎಡಕ್ಕೆ ಸರಿಸಿ ಮೂರು ಸಲ ಓಡಿಸಿ ನೋಡಿದೆ. ಮೂರು ಸಲವೂ ಮೇಜಿನಿಂದ ಕೆಳಗೆ ಬೀಳುವವರೆಗೆ ಅವನನ್ನು ಯಾರೂ ಹಿಡಿಯಲಿಲ್ಲ.