ಮೀನಿಗೆ ಊದಿದ ಶಂಖ

ಮೋರ್ನ್ ತಾಮರೆನ್
ಕ್ರಿ.ಶ. ೨೩೮೭, ಹದಿಮೂರನೇ ತಿಂಗಳು, ಭಾನುವಾರ

ನಮಗಿಂತ ಮುನ್ನೂರು ಚಿಲ್ಲರೆ ವರ್ಷ ಹಿಂದೆ, ನಿಮ್ಮ ಕಾಲದಲ್ಲಿ ಕನ್ನಡ ಓದುವವರಿಗೆ,

ಹದಿಮೂರನೇ ತಿಂಗಳು ಎಂದಾಗ ನಗಬೇಡಿ. ಬಿರುಗಾಳಿಯ ದಿನಗಳನ್ನೆಲ್ಲ ಒಟ್ಟುಮಾಡಿ ನಾವು ಗಾಳಿತಿಂಗಳು ಎಂದು ಹೆಸರಿಟ್ಟಿದ್ದೇವೆ. ಆಗ ಮನೆಗಳ ಸೂರನ್ನು ಉಕ್ಕಿನ ಹಗ್ಗದಿಂದ ಬಂಡೆಗೆ ಬಿಗಿಯುತ್ತೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಕೆರಿಬಿಯನ್ ದ್ವೀಪದಲ್ಲಿ ಕನ್ನಡ ಉಳಿದಿರುವುದು ನಮ್ಮ ಮನೆಯೊಳಗೆ ಮಾತ್ರ. ಊರವರ ಮಾತನ್ನು ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ. ಸಾಹಿತ್ಯ ಓದಿದವಳಾದರೂ ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ, ಬರೆಯುವುದು ಸಲೀಸು.

ನಮ್ಮೂರಾದ ಮೋರ್ನ್ ತಾಮರೆನ್ ಇರುವುದು ದ್ವೀಪದ ನಡುವಿನ ಗುಡ್ಡದ ಮೇಲೆ. ಒಂದು ಚರ್ಚು, ಒಂದು ಸಂತೆಕಟ್ಟೆ, ಮರಗೆಣಸಿನ ರೊಟ್ಟಿ ಸುಡುವ ಒಲೆಗಳು, ಬೀದಿಯುದ್ದಕ್ಕೂ ದೀವಿಹಲಸಿನ ಮರಗಳು. ಇಲ್ಲಿಂದ ಸಮುದ್ರ ಕಾಣುವುದಿಲ್ಲ. ಅದನ್ನು ನೋಡದೆಯೇ ಸತ್ತವರು ನಮ್ಮಲ್ಲಿ ಬಹಳ. ದಡದ ಊರುಗಳು ಮುಳುಗಿದ ಮೇಲೆ ಅಲ್ಲಿಯವರು ಹತ್ತಿ ಬಂದು ನಮ್ಮೂರ ಕೆರೆಯ ಪಕ್ಕ ಗುಡಿಸಲು ಹಾಕಿಕೊಂಡರು. ನಮ್ಮವರು ಅವರನ್ನು ಉಪ್ಪುಗಾಲಿನವರು ಎನ್ನುತ್ತಾರೆ.

"ಏ ಉಪ್ಪುಗಾಲು, ನನ್ನ ಅಂಗಳ ತುಳೀಬೇಡ!" ಎಂದು ರೊಟ್ಟಿ ಸುಡುವ ಫ್ಲೋರೀನಮ್ಮ ಕೂಗುತ್ತಿದ್ದಳು.

"ನಿಮ್ಮ ರೊಟ್ಟೀಲಿ ಉಪ್ಪೇ ಇರಲ್ಲ ಅತ್ತೆ, ಹಿಟ್ಟಿನ ಮೇಲೆ ಒಂದ್ಸಲ ನಡೆದುಬಿಡ್ಲಾ?" ಎನ್ನುತ್ತಿದ್ದ ಮೀನುಗಾರ ಆನ್ಸೆಲ್ಮ್. ಅವಳಿಗೂ ನಗು ಬರುತ್ತಿತ್ತು.

ಗುರುವಾರ ಮಧ್ಯಾಹ್ನ ಅವನ ಬಲೆಗೆ ನಮ್ಮ ಕೆರೆಯಲ್ಲಿ ರಾಶಿ ಮೀನು ಬಿತ್ತು. ದಡದ ಊರುಗಳಲ್ಲಿ ಮೀನು ಬಂದರೆ ಶಂಖ ಊದುತ್ತಾರೆ. ಜನ ಬೋಗುಣಿ ಹಿಡಿದು ಬರುತ್ತಾರೆ. ಅವನು ಏರಿಯ ಮೇಲೆ ನಿಂತು ಊದಿದ.

ಗುಡ್ಡದಲ್ಲಿ ಶಂಖಕ್ಕೆ ಆ ಅರ್ಥವಿಲ್ಲ. ಕಬ್ಬಿನ ತೋಟಗಳಿಂದ ಓಡಿಬಂದ ಗುಲಾಮರು ಕಟ್ಟಿದ ಊರಿದು. ಸಿಪಾಯಿಗಳು ಹತ್ತಿ ಬರುವುದು ಕಂಡಾಗ ಅವರು ಶಂಖ ಊದುತ್ತಿದ್ದರು. ಸದ್ದು ಕೇಳಿದರೆ ಮಚ್ಚು ಹಿಡಿದು ಓಡಬೇಕು, ಕಾರಣ ಕೇಳಬಾರದು ಎಂದು ಇಂದಿಗೂ ಮಕ್ಕಳಿಗೆ ಕಲಿಸುತ್ತೇವೆ.

ಎಲ್ಲರೂ ಓಡಿದರು. ಹಿಂದೆ ನಾನೂ ಹೋದೆ. ಅಷ್ಟು ಜನರನ್ನು ಕಂಡು ಆನ್ಸೆಲ್ಮ್ ಹಿಗ್ಗಿದ. ಮೀನು ಸೀಳುವ ಚೂರಿಯನ್ನು ಮೇಲೆತ್ತಿ, "ಬನ್ನಿ, ಬನ್ನಿ, ಎಲ್ರಿಗೂ ಇದೆ!" ಎಂದು ಕೂಗಿದ.

ನಮ್ಮವರಿಗೆ ಕಂಡಿದ್ದು ಚೂರಿ ಮಾತ್ರ. ಮೊದಲ ಏಟಿಗೆ ಶಂಖ ಹಿಡಿದ ಕೈ ಕೆಳಗೆ ಬಿತ್ತು. ಎರಡನೆಯದು ಕುತ್ತಿಗೆಗೆ. ಆಮೇಲಿನವು ಎಲ್ಲೆಲ್ಲಿಗೋ, ಬಿದ್ದ ಮೇಲೂ ಕಡಿದರು. ಗುಡಿಸಲುಗಳಿಗೆ ಬೆಂಕಿ ಬಿತ್ತು. ಹೊರಗೆ ಓಡಿಬಂದ ಮುದುಕನೊಬ್ಬನನ್ನು ಮತ್ತೆ ಬೆಂಕಿಗೇ ತಳ್ಳಿದರು. ಬುಟ್ಟಿಗಳಲ್ಲಿ ಮೀನು ಇನ್ನೂ ಒದ್ದಾಡುತ್ತಿತ್ತು. ಅದನ್ನು ಎಲ್ಲರೂ ನೋಡಿದರು.

"ಮೀನಂತೆ ಮೀನು! ಅದೊಂದು ನೆಪ," ಎಂದು ಫ್ಲೋರೀನಮ್ಮ ಮಚ್ಚನ್ನು ಹುಲ್ಲಿಗೆ ಒರೆಸಿದಳು. ಉಳಿದವರೂ ತಂತಮ್ಮ ಮಚ್ಚು ಒರೆಸಿಕೊಂಡರು. ಇನ್ನು ಉಪ್ಪುಗಾಲಿನವರು ನಿಜವಾಗಿಯೂ ಶತ್ರುಗಳಾಗಿರಲೇಬೇಕು. ಇಲ್ಲವಾದರೆ ನಮ್ಮವರು ಮಾಡಿದ್ದೇನು?

ಉಳಿದವರನ್ನು ನಿನ್ನೆ ಮುಳುಗಡೆಯ ಕಡೆಗೆ ಅಟ್ಟಿದರು. ಗಾಳಿತಿಂಗಳಲ್ಲಿ ಅಲ್ಲಿ ಕಾಲೂರಲು ನೆಲವಿಲ್ಲ. ಆನ್ಸೆಲ್ಮನ ತಂಗಿ ಓಡಿಲ್ ಮಾತ್ರ ನನ್ನ ಮನೆಯಲ್ಲಿದ್ದಾಳೆ.

ಬೆಳಿಗ್ಗೆ ಫ್ಲೋರೀನಮ್ಮ ಬಾಗಿಲಿಗೆ ಬಂದಳು. "ಇಂದುಮತೀ, ಪ್ರಾರ್ಥನೆ ಮುಗಿಸ್ಕೊಂಡು ಬರ್ತೀವಿ. ಅಷ್ಟರೊಳಗೆ ಅವಳನ್ನ ಆಚೆ ಕಳಿಸು ಮಗಾ. ನಿನ್ನ ಮೇಲೆ ನಮಗೇನೂ ಕೋಪ ಇಲ್ಲ."

"ಕಳಿಸಲ್ಲ," ಎಂದೆ. ಎದುರುಮನೆಯವರಿಗೂ ಕೇಳಿಸಿರಬೇಕು, ಕಿಟಕಿ ಮುಚ್ಚಿಕೊಂಡರು.

ನಿಮ್ಮ ಕಾಲದಲ್ಲಿ ಸಮುದ್ರ ಇನ್ನೂ ತನ್ನ ದಡದಲ್ಲಿದೆ. ಗುಡ್ಡದವರನ್ನು ಕೆಳಗೂ ದಡದವರನ್ನು ಮೇಲೂ ಈಗಲೇ ಊಟಕ್ಕೆ ಕರೆಯಿರಿ. ಮಕ್ಕಳು ಒಬ್ಬರ ಮನೆಯ ಸದ್ದನ್ನು ಇನ್ನೊಬ್ಬರು ಕೇಳಿ ಬೆಳೆಯಲಿ. ನನ್ನ ಕೋರಿಕೆ ಇಷ್ಟೇ.

ಚರ್ಚಿನಲ್ಲಿ ಹಾಡು ನಿಂತಿತು. ಬೀರುವನ್ನು ಬಾಗಿಲಿಗೆ ಒತ್ತಿ ನಿಲ್ಲಿಸಬೇಕು, ಓಡಿಲ್ ಒಬ್ಬಳಿಂದ ಆಗುತ್ತಿಲ್ಲ. ಬರುತ್ತೇನೆ.

ಇಂದುಮತಿ ಬ್ಯಾಪ್ಟಿಸ್ಟ್